ನಲವತ್ತೆರಡು ಸದಸ್ಯರ ಈಜು ಸಂಘ

೫ ಜನವರಿ ೧೯೫೯, ಗುರುವಾಯನಕೆರೆ

ಹವೆ ಒಣ. ಆರೋಗ್ಯ ಸಮಾಧಾನಕರ. ಹೊಸ ಡೈರಿಯ ಮೊದಲ ಬರಹ.

ದಿನದ ಕೆಲಸವನ್ನು ಅಂದಂದೇ ಬರೆದಿಟ್ಟರೆ ತಿಂಗಳ ಕೊನೆಯ ವರದಿಗೆ ಅನುಕೂಲವೆಂದು ಸುರುಮಾಡಿದ್ದೇನೆ. ಬ್ಲಾಕ್ ಕಚೇರಿಯಲ್ಲಿ ಸಮಾಜ ಶಿಕ್ಷಣ ಸಂಘಟಕನಾದ ನನಗೆ ವರದಿಯೇ ಅನ್ನ. ಭಜನಾ ಮಂಡಳಿ ಎಷ್ಟು, ವಾಚನಾಲಯ ಎಷ್ಟು, ವಯಸ್ಕರ ಶಾಲೆ ಎಷ್ಟು, ಎಲ್ಲಕ್ಕೂ ಒಂದೊಂದು ಕಾಲಮ್ಮು ಉಂಟು. ಖಾಲಿ ಬಿಟ್ಟ ಕಾಲಮ್ಮಿಗೆ ಮೇಲಿನಿಂದ ಮೆಮೋ ಬರುತ್ತದೆ. ತುಂಬಿದ ಕಾಲಮ್ಮನ್ನು ಯಾರೂ ಓದುವುದಿಲ್ಲ. ಇಷ್ಟು ತಿಳಿದುಕೊಂಡವನು ಪಿಂಚಣಿಯವರೆಗೆ ಸುಖವಾಗಿರುತ್ತಾನೆ.

೯ ಜನವರಿ

ಹವೆ ಗಮನಿಸಲಿಲ್ಲ. ಆರೋಗ್ಯ ಕೆಟ್ಟಿದೆ.

ಬಿ.ಡಿ.ಓ. ಸಾಹೇಬರು ಕರೆದು ಒಂದು ಕಾಗದ ಕೈಗೆ ಕೊಟ್ಟರು. ಸಾಹೇಬರು ಮೈಸೂರು ಕಡೆಯವರು, ನಮ್ಮಲ್ಲಿಗೆ ಬಂದು ಮೂರು ತಿಂಗಳಾಯಿತಷ್ಟೆ. ಜಪಾನಿನ ಸೇಜಿ ಒಕುಮುರಾ ಎಂಬವರು, ದೂರದ ಈಜಿನಲ್ಲಿ ಹೆಸರು ಮಾಡಿದವರು, ನಮ್ಮ ದೇಶದ ಹಳ್ಳಿಗಳ ಈಜು ಸಂಘಗಳನ್ನು ನೋಡಲು ಬರುತ್ತಾರಂತೆ. ಇಡೀ ಜಿಲ್ಲೆಯ ಪಟ್ಟಿಯಲ್ಲಿ ಗ್ರಾಮೀಣ ಈಜು ಸಂಘ ಇರುವುದು ಒಂದೇ, ಅದು ನಮ್ಮ ಬ್ಲಾಕಿನಲ್ಲಿ. ಸದಸ್ಯರು ನಲವತ್ತೆರಡು, ಅದರಲ್ಲಿ ಸ್ತ್ರೀಯರು ಒಂಬತ್ತು. ಭೇಟಿ ಫೆಬ್ರವರಿ ಇಪ್ಪತ್ತೆರಡಕ್ಕೆ.

"ಏನ್ರೀ ಭರತರಾಜ್, ಇಂಥದ್ದೊಂದು ಇಟ್ಕೊಂಡು ನನಗೆ ಹೇಳೇ ಇಲ್ವಲ್ರೀ," ಎಂದರು ಸಾಹೇಬರು. ಮುಖದಲ್ಲಿ ಅಷ್ಟು ಸಂತೋಷ ಕಂಡ ಮೇಲೆ ನನಗೆ ಬಾಯಿ ಬರಲಿಲ್ಲ.

ಇಲ್ಲಿ ಬರೆಯಬಹುದು. ಸಂಘ ಇಲ್ಲ. ೧೯೫೬ರಲ್ಲಿ ಆ ಕಾಲಮ್ಮನ್ನು ಖಾಲಿ ಬಿಟ್ಟದ್ದಕ್ಕೆ ಮೆಮೋ ಬಂತು. ಮರುತಿಂಗಳು 'ಒಂದು' ಎಂದು ತುಂಬಿದೆ. ಸದಸ್ಯರ ಪಟ್ಟಿ ಕೇಳಿದರು. ನನ್ನ ಮದುವೆಯ ಕರೆಯೋಲೆ ಹಂಚಲು ಬರೆದಿಟ್ಟಿದ್ದ ಹಳೆಯ ಪಟ್ಟಿ ಪೆಟ್ಟಿಗೆಯಲ್ಲಿತ್ತು, ಅದಕ್ಕೆ ಮನೆಯವರನ್ನೂ ಸೇರಿಸಿ ನಲವತ್ತೆರಡು ಹೆಸರು ಇಳಿಸಿದೆ. ಅದರಲ್ಲಿ ಮಾವನವರಿದ್ದಾರೆ, ವಯಸ್ಸು ಎಪ್ಪತ್ತೆಂಟು. ಬೆಳುವಾಯಿಯ ದೊಡ್ಡಮ್ಮ ಇದ್ದಾರೆ, ತೀರಿಕೊಂಡು ನಾಲ್ಕು ವರ್ಷವಾಯಿತು.

ಸಂಘದ ಅಧ್ಯಕ್ಷ ನಾನು. ನನಗೆ ಈಜು ಬಾರದು. ನೀರು ಮೊಣಕಾಲು ದಾಟಿದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ. ಕೆಲಸ ಹೋಗುತ್ತದೆ, ಅನುಮಾನವೇ ಇಲ್ಲ.

೧೨ ಜನವರಿ

ಹವೆ ಒಣ. ಊಟ ಸೇರುವುದಿಲ್ಲ.

ಮಾನಪತ್ರ ಬರೆಯುವ ಕೆಲಸವೂ ನನ್ನ ತಲೆಗೇ ಬಂತು. ಅತಿಥಿಗಳ ಜೀವನ ವೃತ್ತಾಂತ ಟೈಪಾಗಿ ಎರಡು ಪುಟ ಬಂದಿದೆ. ಸಮುದ್ರದ ಪಾಚಿ ಒಣಗಿಸಿ ಮಾರುವವರ ಮಗ. ಹದಿನಾರಕ್ಕೇ ಕೊಲ್ಲಿಯೊಂದನ್ನು ಈಜಿ ದಾಟಿದ್ದಾರೆ. ಪರದೇಶದ ಒಂದು ದೊಡ್ಡ ಕೂಟದಲ್ಲಿ ಸಾವಿರದ ಐನೂರು ಮೀಟರಿಗೆ ನಾಲ್ಕನೆಯ ಸ್ಥಾನ. ಆಮೇಲೆ ೧೯೪೦ರ ಟೋಕಿಯೋ ಒಲಿಂಪಿಕ್ಕಿಗೆ ಆಯ್ಕೆ. ಯುದ್ಧದಿಂದಾಗಿ ಆ ಕೂಟ ನಡೆಯಲೇ ಇಲ್ಲ. ಯುದ್ಧ ಮುಗಿದ ಮೇಲೆ ಮೀನುಗಾರಿಕೆ ಕಚೇರಿಯಲ್ಲಿ ಗುಮಾಸ್ತ, ಈಗ ಒಂದು ಶಾಲೆಯಲ್ಲಿ ಈಜು ಕಲಿಸುವವರು.

ಇಷ್ಟೇ. ಪದಕ ಇಲ್ಲ, ಕಪ್ಪು ಇಲ್ಲ. ಇಂಥವರಿಗಾಗಿ ನಾನು ಸಾಯಬೇಕೆ ಎಂದು ಸಿಟ್ಟೇ ಬಂತು. ನಾಲ್ಕನೆಯ ಸ್ಥಾನವನ್ನು ಮಾನಪತ್ರದಲ್ಲಿ ಬರೆದರೆ ಬೈದ ಹಾಗೆ. 'ವಿಶ್ವದ ಈಜುಗಾರರ ಅಗ್ರಪಂಕ್ತಿಯಲ್ಲಿ ವಿರಾಜಿಸಿದ ಜಲಕೇಸರಿ' ಎಂದು ಬರೆದೆ. ನಡೆಯದ ಒಲಿಂಪಿಕ್ಕನ್ನು 'ಒಲಿಂಪಿಕ್ ಖ್ಯಾತಿಯ' ಎಂಬ ಎರಡೇ ಪದಗಳಲ್ಲಿ ಮುಗಿಸಿದೆ. ಈ ಕೈಗೆ ಅದು ಕಷ್ಟದ ಕೆಲಸವಲ್ಲ.

೧೪ ಜನವರಿ

ಸದಸ್ಯರನ್ನು ಹುಡುಕಿಕೊಂಡು ಕೆರೆಯ ಬಳಿಗೆ ಹೋದೆ. ಡೊಂಬಯ್ಯ ಕಂಬಳದ ಕೋಣಗಳನ್ನು ನೀರಿಗೆ ಬಿಟ್ಟಿದ್ದ. ಓಟಕ್ಕೆ ಹದವಾಗಲೆಂದು ದಿನಾ ಅವನ್ನು ಈಜಿಸುತ್ತಾನೆ. ಒಟ್ಟಿಗೆ ಚನಿಯಪ್ಪ ಮತ್ತು ಇನ್ನೂ ಮೂವರು ಕೋಣದವರು.

"ಡೊಂಬಯ್ಯ, ನಿನಗೆ ಈಜು ಬರ್ತದಾ?"

"ಕೋಣಗಳಿಗೆ ಬರ್ತದೆ ಮಾಷ್ಟ್ರೆ. ನಾನು ಅವುಗಳ ಒಟ್ಟಿಗೆ ಹೋಗುದು."

ನಾನು ಹಿಂದೆ ಶಾಲೆಯಲ್ಲಿದ್ದೆ, ಹಾಗಾಗಿ ಊರಿಗೆಲ್ಲ ಈಗಲೂ ಮಾಷ್ಟ್ರು. ಈಜು ಸಂಘಕ್ಕೆ ಸೇರುತ್ತೀಯಾ ಎಂದು ಕೇಳಿದೆ.

"ಸಂಘಕ್ಕೆ ಸೇರಿದ್ರೆ ಎಂತ ಮಾಡುದು?"

"ಈಜುದು."

"ಹಾಗಾದ್ರೆ ಈಗ ನಾನು ಎಂತ ಮಾಡ್ತಾ ಇದ್ದೇನೆ?"

ಕಡೆಗೆ ಎಲ್ಲ ಬಿಟ್ಟು ಕಷ್ಟ ಹೇಳಿಕೊಂಡೆ. ಅವನು ನಗಲಿಲ್ಲ, ಅದು ಅವನ ದೊಡ್ಡ ಗುಣ. ಕೋಣದ ಬೆನ್ನು ತಿಕ್ಕುತ್ತಲೇ ಹೇಳಿದ: "ನಾವು ಐದು ಜನ ಬರುವ. ಆದ್ರೆ ಅಧ್ಯಕ್ಷರು ದಡದಲ್ಲಿ ಕೂತ್ರೆ ಆಗ್ಲಿಕ್ಕಿಲ್ಲ. ನೀವು ನೀರಿಗೆ ಇಳೀಬೇಕು."

೧೭ ಜನವರಿ

ಹವೆ ಚಳಿ. ಮರ್ಯಾದೆ ಇಲ್ಲ.

ಸಂಜೆ ಮೊದಲ ಪಾಠ. ಎರಡು ಒಣ ತೆಂಗಿನಕಾಯಿಗಳನ್ನು ಸಿಪ್ಪೆಸಮೇತ ಜೋಡಿಸಿ ಕಟ್ಟಿ, ನಡುವಿನ ಹಗ್ಗದ ಮೇಲೆ ನನ್ನ ಹೊಟ್ಟೆಯನ್ನಿಟ್ಟು ನೂಕಿದರು. ಇಲ್ಲಿ ಐದು ವರ್ಷದ ಮಕ್ಕಳು ಹೀಗೆ ಕಲಿಯುತ್ತಾರೆ. ನನಗೆ ನಲವತ್ತೊಂದು. ಬಟ್ಟೆ ಒಗೆಯುವ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು.

ಮನೆ ತಲುಪುವಾಗ ಹೊತ್ತು ಮುಳುಗಿತ್ತು. ಜೈನರಾದ ನಮ್ಮಲ್ಲಿ ಸೂರ್ಯಾಸ್ತದ ಮೇಲೆ ಉಣ್ಣುವ ಕ್ರಮವಿಲ್ಲ, ತ್ರಿಶಲಾ ಪಾತ್ರೆಗಳನ್ನು ತೊಳೆದು ಕವುಚಿಟ್ಟಿದ್ದಳು. ಒದ್ದೆ ತಲೆಯನ್ನು ನೋಡಿ ಎಲ್ಲಿಗೆ ಹೋದದ್ದೆಂದು ಕೇಳಿದಳು. ಬ್ಲಾಕಿನ ಕೆಲಸ, ಈಜು ಕಲಿಯಬೇಕು ಎಂದೆ.

"ಕುಡಿಯುವ ಒಂದು ಲೋಟ ನೀರನ್ನು ಬಟ್ಟೆಯಲ್ಲಿ ಗಾಳಿಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ತಿರುಗಿ ಬಾವಿಗೇ ಬಿಡುವ ಮನೆ ಇದು," ಎಂದಳು. "ನೀವು ಇಡೀ ಕೆರೆಗೆ ಹಾರುದಾ?"

"ಹಾರುದಿಲ್ಲ. ಮೆಲ್ಲ ಇಳೀತೇನೆ."

ಅವಳು ಒಳಗೆ ಹೋದಳು. ಹಸಿವಿನಲ್ಲಿ ಬರೆಯುತ್ತಿದ್ದೇನೆ. ನಾಳೆಯಿಂದ ಬೆಳಿಗ್ಗೆ ಹೋಗುವುದು ಒಳ್ಳೆಯದು.

೨೩ ಜನವರಿ

ಕುಡಿದ ಗಾಳಿಸದ ನೀರು ಸುಮಾರು ಮೂರು ಲೋಟ. ಪ್ರಗತಿ ಇಲ್ಲ.

೨೮ ಜನವರಿ

ಚಾವಡಿಯ ಬೆಂಚಿನ ಮೇಲೆ ಕವುಚಿ ಮಲಗಿ ಕಾಲು ಬಡಿಯುವ ಅಭ್ಯಾಸ ಮಾಡುತ್ತಿದ್ದೆ. ತ್ರಿಶಲಾ ಅಕ್ಕಿ ಕೇರುತ್ತಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗೆರಸೆ ಬದಿಗಿಟ್ಟು ಬಂದು ನನ್ನ ಎರಡೂ ಮೊಣಕಾಲುಗಳನ್ನು ಅದುಮಿ ಹಿಡಿದಳು.

"ಮೊಣಕಾಲು ಮಡಚಿದ್ರೆ ಮುಂದೆ ಹೋಗುದಿಲ್ಲ. ತೊಡೆಯಿಂದ ಬರಬೇಕು."

"ನಿನಗೆ ಹೇಗೆ ಗೊತ್ತು?"

ಬೆಳುವಾಯಿಯ ತವರುಮನೆಯ ಹಿಂದಿನ ಕೆರೆಯಲ್ಲಿ ಅಣ್ಣಂದಿರಿಗಿಂತ ಮುಂದೆ ಹೋಗುತ್ತಿದ್ದಳಂತೆ. ಹನ್ನೆರಡಾದಾಗ ಸಾಕು ಎಂದರಂತೆ. ಬಿಟ್ಟಳಂತೆ. ಮದುವೆಯಾಗಿ ಹದಿನಾಲ್ಕು ವರ್ಷ, ಒಮ್ಮೆಯೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೆಂದು ಕೇಳಿದೆ. "ನೀವು ಕೇಳ್ಲಿಲ್ಲ," ಎಂದು ಹೇಳಿ ಅಕ್ಕಿಯ ಕಡೆ ಹೋದಳು.

ವರದಿಯ ಯಾವ ಕಾಲಮ್ಮಿನಲ್ಲೂ ಇಂಥದ್ದನ್ನು ಕೇಳುವುದಿಲ್ಲ.

೩ ಫೆಬ್ರವರಿ

ಇವತ್ತು ತೆಂಗಿನಕಾಯಿ ಬಿಚ್ಚಿದರು. ಹೇಳದೆ ಬಿಚ್ಚಿದರು, ಪಾಪಿಗಳು. ಹತ್ತು ಮಾರು ಹೋದ ಮೇಲೆ ಹಿಂದೆ ನೋಡುತ್ತೇನೆ, ಕಾಯಿ ಡೊಂಬಯ್ಯನ ಕೈಯಲ್ಲಿ. ಹೆದರಿ ಮುಳುಗಿದೆ. ಎದ್ದೆ. ಮತ್ತೆ ಹೋದೆ.

ನೀರು ಬೆಳಿಗ್ಗೆ ಬೆಚ್ಚಗಿರುತ್ತದೆ. ಯಾರೂ ನನಗೆ ಹೇಳಿರಲಿಲ್ಲ.

೧೧ ಫೆಬ್ರವರಿ

ಸಾಹೇಬರ ಉತ್ಸಾಹ ತಡೆಯುವುದು ಕಷ್ಟ. ಕೆರೆಯ ಬದಿಯಲ್ಲಿ ಚಪ್ಪರ, ಸುಸ್ವಾಗತದ ಫಲಕ, ಮಂಗಳೂರಿನ ಕಾಲೇಜಿನಿಂದ ಇಂಗ್ಲಿಷ್ ಬಲ್ಲ ದುಭಾಷಿ, ಬಂಟ್ವಾಳದಿಂದ ಬ್ಯಾಂಡು. ಸದಸ್ಯರಿಗೆಲ್ಲ ಒಂದೇ ಬಣ್ಣದ ಚಡ್ಡಿ ಹೊಲಿಸಬೇಕೆಂದು ಸೊಂಟದ ಅಳತೆ ಕೇಳಿದರು. ನಲವತ್ತೆರಡು ಜನರದ್ದು.

"ಹೆಂಗಸರಿಗೆ ಏನ್ ಮಾಡ್ತೀರ?" ಎಂದರು.

"ಅವರದ್ದು ಅವರೇ ನೋಡಿಕೊಳ್ತಾರೆ ಸಾರ್."

ಮೂವತ್ತಮೂರು ಸೊಂಟಗಳನ್ನು ಅಂದಾಜಿನಲ್ಲಿ ಬರೆದುಕೊಟ್ಟೆ. ಮಾವನವರದ್ದಕ್ಕೆ ಇಪ್ಪತ್ತೆಂಟು ಇಂಚು ಹಾಕಿದ್ದೇನೆ, ಮೊದಲೇ ಸಣಕಲು.

ಮಾನಪತ್ರವನ್ನು ಮತ್ತೊಮ್ಮೆ ಓದಿದೆ. ಜಲಕೇಸರಿ ಎಂದರೇನೆಂದು ನನಗೇ ತಿಳಿಯಲಿಲ್ಲ. ನೀರಿನಲ್ಲಿ ಸಿಂಹ ಏನು ಮಾಡುತ್ತದೆ? ಇವತ್ತು ಬೆಳಿಗ್ಗೆ ಅರ್ಧ ಕೆರೆ ಹೋಗುವಷ್ಟರಲ್ಲಿ ನನಗೆ ಉಸಿರು ಬಾಯಿಗೆ ಬಂದಿತ್ತು. ಸಾವಿರದ ಐನೂರು ಮೀಟರೆಂದರೆ ಒಂದು ಮೈಲಿಗೆ ಹತ್ತಿರ. ಅಷ್ಟು ದೂರ ಹೋಗಿ, ಲೋಕದ ಅಷ್ಟೂ ಈಜುಗಾರರಲ್ಲಿ ಮುಂದೆ ಮೂವರೇ ಇದ್ದರೆಂದರೆ ಅದು ಸಣ್ಣ ಮಾತಲ್ಲ. ಜಲಕೇಸರಿ, ಒಲಿಂಪಿಕ್ ಖ್ಯಾತಿ ಎರಡನ್ನೂ ಹೊಡೆದುಹಾಕಿ 'ನಾಲ್ಕನೆಯ ಸ್ಥಾನ' ಎಂದೇ ಬರೆದೆ. ಮಾನಪತ್ರ ಅರ್ಧ ಪುಟಕ್ಕೆ ಇಳಿದಿದೆ.

೨೧ ಫೆಬ್ರವರಿ

ನಾಳೆ.

ಸಂಜೆ ಊಟದ ಮೇಲೆ ತ್ರಿಶಲಾಳಿಗೆ ಎಲ್ಲವನ್ನೂ ಹೇಳಿದೆ. ಮದುವೆಯ ಪಟ್ಟಿ, ಮಾವ, ದೊಡ್ಡಮ್ಮ, ಚಡ್ಡಿ. ಕೆಲಸ ಹೋದರೆ ಏನು ಮಾಡುವುದೆಂದು ಅಳು ಬಂತು. ಅವಳು ಪಟ್ಟಿಯನ್ನು ತೆಗೆದುಕೊಂಡು ದೀಪದ ಹತ್ತಿರ ಓದಿದಳು.

"ಸ್ತ್ರೀಯರಲ್ಲಿ ಒಂದನೆಯ ಹೆಸರು ನನ್ನದು."

"ಹೌದು."

"ಕೇಳದೆ ಹಾಕಿದ್ದು."

"ಹೌದು."

ಪಟ್ಟಿಯನ್ನು ಮಡಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

೨೨ ಫೆಬ್ರವರಿ

ಎಲ್ಲ ಮುಗಿಯಿತು. ಬಿಟ್ಟು ಹೋಗದ ಹಾಗೆ ಬರೆಯುತ್ತೇನೆ.

ಒಕುಮುರಾ ಹತ್ತು ಗಂಟೆಗೆ ಬಂದರು. ಜಲಕೇಸರಿ ಅಲ್ಲವೇ ಅಲ್ಲ. ನಮ್ಮ ಕಚೇರಿಯ ಹೆಡ್ ಗುಮಾಸ್ತರ ಹಾಗೆ ಇದ್ದಾರೆ, ಸಣ್ಣ ಆಳು, ಅರೆನರೆತ ತಲೆ, ದಪ್ಪ ಕನ್ನಡಕ. ಹಾರ ಹಾಕಿಸಿಕೊಳ್ಳುವಾಗಲೂ ಕಣ್ಣು ಕೆರೆಯ ಮೇಲೆಯೇ. ಸಾಹೇಬರು ಅರ್ಧ ಗಂಟೆ ಮಾತಾಡಿದರು. ನಾನು ಮಾನಪತ್ರವನ್ನು ಎರಡು ನಿಮಿಷದಲ್ಲಿ ಓದಿ ಮುಗಿಸಿದೆ. 'ನಾಲ್ಕನೆಯ ಸ್ಥಾನ' ಎಂಬಲ್ಲಿ ಸಾಹೇಬರು ನನ್ನನ್ನು ದುರುಗುಟ್ಟಿ ನೋಡಿದರು. ದುಭಾಷಿಯಿಂದ ಅದನ್ನು ಕೇಳಿದಾಗ ಅತಿಥಿಗಳು ಮೊದಲ ಸಲ ನನ್ನ ಕಡೆ ತಿರುಗಿದರು.

ಆಮೇಲೆ ಪ್ರದರ್ಶನ. ಡೊಂಬಯ್ಯ, ಚನಿಯಪ್ಪ, ಉಳಿದ ಮೂವರು, ಮತ್ತು ನಾಲ್ಕು ಕೋಣಗಳು ನೀರಿಗಿಳಿದವು. ಕೋಣಗಳನ್ನು ನೋಡಿ ಅತಿಥಿಗಳಿಗೆ ಆದ ಖುಷಿ ಬ್ಯಾಂಡಿಗೂ ಆಗಲಿಲ್ಲ, ಚಪ್ಪರಕ್ಕೂ ಆಗಲಿಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಉಳಿದ ಸದಸ್ಯರೆಲ್ಲಿ ಎಂದು ಸಾಹೇಬರು ನನ್ನ ಕಿವಿಯಲ್ಲಿ ಎರಡು ಸಲ ಕೇಳಿದರು. ಕಟಾವಿನ ಕೆಲಸ ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. ಮೇಜಿನ ಕೆಳಗೆ ಹೊಸ ಚಡ್ಡಿಗಳ ಕಟ್ಟು ಬಿಚ್ಚದೆ ಬಿದ್ದಿತ್ತು.

ಆಗ ಅತಿಥಿಗಳು ದುಭಾಷಿಯಲ್ಲಿ ಏನೋ ಹೇಳಿದರು. ಹಳ್ಳಿಯ ಸಂಘದಲ್ಲಿ ಒಂಬತ್ತು ಮಂದಿ ಸ್ತ್ರೀಯರಿರುವುದನ್ನು ಎಲ್ಲೂ ನೋಡಿಲ್ಲವಂತೆ, ಅವರನ್ನು ನೋಡಲೆಂದೇ ಇಷ್ಟು ದೂರ ಬಂದದ್ದಂತೆ.

ಸಾಹೇಬರು ಹೆಮ್ಮೆಯಿಂದ ರಿಜಿಸ್ಟರು ಬಿಚ್ಚಿ ಹಾಜರಿ ಕರೆಯುವವರಂತೆ ಓದಿದರು: "ತ್ರಿಶಲಾ."

ಹೆಂಗಸರ ಬೆಂಚಿನಿಂದ ಅವಳು ಎದ್ದಳು. ಸೀರೆಯನ್ನು ಕಚ್ಚೆ ಕಟ್ಟಿಕೊಂಡು, ಯಾರ ಮುಖವನ್ನೂ ನೋಡದೆ, ಮೆಟ್ಟಿಲಿಳಿದು ನೀರಿಗೆ ಹೋದಳು. ಹಾರಲಿಲ್ಲ, ಮೆಲ್ಲ ಇಳಿದಳು. ಕೋಣಗಳಿದ್ದ ಕಡೆಯವರೆಗೆ ಹೋಗಿ ತಿರುಗಿ ಬಂದಳು. ಇಪ್ಪತ್ತು ವರ್ಷಗಳ ಮೇಲಾಗಿತ್ತು, ಆದರೂ ಕಾಲು ತೊಡೆಯಿಂದಲೇ ಬರುತ್ತಿತ್ತು. ನನಗೆ ಅವಳ ಮೇಲೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲೆಂದು ಬರೆಯಲು ನಾಚಿಕೆಯಾಗುತ್ತದೆ.

"ಪುಷ್ಪಾವತಿ, ಬೆಳುವಾಯಿ," ಎಂದು ಸಾಹೇಬರು ಎರಡನೆಯ ಹೆಸರು ಓದಿದರು. ಯಾರೂ ಏಳಲಿಲ್ಲ. ಮತ್ತೊಮ್ಮೆ ಓದಿದರು. "ಪುಷ್ಪಾವತಿಯವರು ಎಲ್ರೀ?"

ಇವತ್ತು ಬಂದಿಲ್ಲ ಎಂದರೆ ಆಗುತ್ತಿತ್ತು. ಜ್ವರ ಎಂದರೂ ಆಗುತ್ತಿತ್ತು. ಮೂವತ್ತು ತಿಂಗಳ ವರದಿ ತುಂಬಿದ ಕೈ ನನ್ನದು. ಆದರೆ ತ್ರಿಶಲಾ ಎದುರಿಗೆ ನೀರು ತೊಟ್ಟಿಕ್ಕುತ್ತಾ ನಿಂತಿದ್ದಳು.

"ಅವರು ತೀರಿಕೊಂಡಿದ್ದಾರೆ ಸಾರ್."

"ಅಯ್ಯೋ. ಯಾವಾಗ?"

"ಸಂಘ ಸುರುವಾಗುವುದಕ್ಕೆ ಒಂದು ವರ್ಷ ಮೊದಲು."

ಬ್ಯಾಂಡಿನವರಲ್ಲಿ ಒಬ್ಬ ನಕ್ಕ. ನಾನು ನಿಲ್ಲಿಸಲಿಲ್ಲ. ಉಳಿದವರಿಗೂ ಸಂಘಕ್ಕೂ ಸಂಬಂಧವಿಲ್ಲ, ಅದು ನನ್ನ ಮದುವೆಯ ಪಟ್ಟಿ, ನಿಜವಾದ ಸದಸ್ಯರು ನೀರಿನಲ್ಲಿದ್ದ ಆರು ಜನ, ನನ್ನನ್ನು ಸೇರಿಸಿದರೆ ಏಳು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಸಾಹೇಬರ ಮುಖ ನೋಡುವ ಹಾಗಿರಲಿಲ್ಲ. ಇದನ್ನು ಭಾಷಾಂತರ ಮಾಡಬೇಕೇ ಎಂದು ದುಭಾಷಿ ಕೇಳಿದರು. "ಬೇಡ," ಎಂದರು ಸಾಹೇಬರು. "ಮಾಡಿ," ಎಂದೆ ನಾನು.

ಒಕುಮುರಾ ಕೊನೆಯವರೆಗೆ ಕೇಳಿಸಿಕೊಂಡರು. ಆಮೇಲೆ ಹೇಳಿದ್ದನ್ನು ದುಭಾಷಿ ಹೀಗೆ ಕನ್ನಡಕ್ಕೆ ತಂದರು:

"೧೯೪೦ರ ಕೂಟಕ್ಕಾಗಿ ನಾನು ನಾಲ್ಕು ವರ್ಷ ದಿನಕ್ಕೆರಡು ಹೊತ್ತು ಈಜಿದೆ. ಆಯ್ಕೆಪಟ್ಟಿಯಲ್ಲಿ ನನ್ನ ಹೆಸರು ಬಂತು. ಅಮ್ಮ ಆ ಪಟ್ಟಿಯನ್ನು ಗೋಡೆಗೆ ಅಂಟಿಸಿದರು. ಕೂಟ ನಡೆಯಲಿಲ್ಲ. ಪಟ್ಟಿಯಲ್ಲಿದ್ದ ಇಬ್ಬರು ಯುದ್ಧದಿಂದ ತಿರುಗಿ ಬರಲಿಲ್ಲ. ಈಗಲೂ ಎಲ್ಲ ಕಡೆ ನನ್ನನ್ನು ಒಲಿಂಪಿಕ್ ಖ್ಯಾತಿಯವರು ಎಂದು ಕರೆಯುತ್ತಾರೆ. ನಾನು ಸುಮ್ಮನಿರುತ್ತೇನೆ. ನಾಲ್ಕನೆಯವನೆಂದು ಇಲ್ಲಿ ಮಾತ್ರ ಹೇಳಿದರು. ನಾನು ನಿಜವಾಗಿ ಈಜಿದ್ದು ಅದೊಂದೇ."

ಹೀಗೆಂದು ಕೋಟು ಕಳಚಿ ಕುರ್ಚಿಗೆ ಹಾಕಿದರು. ಕನ್ನಡಕವನ್ನು ದುಭಾಷಿಯ ಕೈಗೆ ಕೊಟ್ಟರು. ಅಧ್ಯಕ್ಷರು ಬರಲಿ ಎಂದು ನನಗೆ ಕೈ ಮಾಡಿದರು.

ನಾವಿಬ್ಬರೂ ಆಚೆ ದಡದವರೆಗೆ ಹೋದೆವು. ನಾನು ಅಷ್ಟು ದೂರ ಅದುವರೆಗೆ ಹೋಗಿರಲಿಲ್ಲ. ಅವರು ನನ್ನ ಪಕ್ಕದಲ್ಲೇ ನನ್ನ ವೇಗಕ್ಕೆ ಬಂದರು, ಅವರಿಗೆ ಅದು ಬಹಳ ಕಷ್ಟದ ಕೆಲಸವಾಗಿರಬೇಕು.

೬ ಮಾರ್ಚ್

ಫೆಬ್ರವರಿಯ ವರದಿ ಕಳಿಸಿದೆ. ಈಜು ಸಂಘ ಒಂದು. ಪುರುಷರು ಆರು. ಸ್ತ್ರೀಯರು ಒಂದು. ಒಟ್ಟು ಏಳು. ಸಾಹೇಬರು ಸಹಿ ಹಾಕುವಾಗ ನನ್ನೊಡನೆ ಮಾತಾಡಲಿಲ್ಲ. ಚಡ್ಡಿಗಳನ್ನು ಏನು ಮಾಡಬೇಕೆಂದು ಕೇಳಿದೆ, ಅದಕ್ಕೂ ಉತ್ತರವಿಲ್ಲ. ಕೋಣದವರಿಗೆ ಐದು ಕೊಟ್ಟೆ.

ತ್ರಿಶಲಾಳ ಬಗ್ಗೆ ಊರಿನಲ್ಲಿ ಮೂರು ದಿನ ಮಾತಾಡಿದರು. ಮೂಡುಬಿದಿರೆಯಿಂದ ಅವಳ ಅಣ್ಣ ಬಸ್ಸು ಹತ್ತಿ ಬಂದು ಬುದ್ಧಿ ಹೇಳಿದರು. ಅವಳು ಅವರಿಗೆ ಗಾಳಿಸಿದ ನೀರು ಕೊಟ್ಟು, ಹೊತ್ತು ಮುಳುಗುವ ಮೊದಲು ಊಟ ಬಡಿಸಿ ಕಳಿಸಿದಳು.

ಪಾಪದ ಬಗ್ಗೆ ನಾನೂ ಒಮ್ಮೆ ಕೇಳಿದೆ. "ಪಾಪ ಉಂಟು," ಎಂದಳು. "ತಿಂಗಳಿಗೆ ಎರಡು ಉಪವಾಸ ಹೆಚ್ಚು ಮಾಡ್ತೇನೆ. ನಿಮ್ಮ ವರದಿಗೆ ನೀವೂ ಮಾಡಿ."

೧೮ ಮಾರ್ಚ್

ಮೆಮೋ ಬಂತು. ಪೂರ್ತಿ ಇಳಿಸುತ್ತೇನೆ.

'ಜನವರಿ ವರದಿಯಲ್ಲಿ ಈಜು ಸಂಘದ ಸದಸ್ಯರು ನಲವತ್ತೆರಡು ಇದ್ದು ಫೆಬ್ರವರಿಯಲ್ಲಿ ಏಳಕ್ಕೆ ಇಳಿದಿರುತ್ತದೆ. ಒಂದೇ ತಿಂಗಳಲ್ಲಿ ಮೂವತ್ತೈದು ಸದಸ್ಯರು ಕಡಿಮೆಯಾದ ಬಗ್ಗೆ ಮೂರು ದಿನಗಳೊಳಗೆ ಸಮಜಾಯಿಷಿ ಸಲ್ಲಿಸತಕ್ಕದ್ದು. ಸದರಿ ಸದಸ್ಯರು ಈಜುವಾಗ ಮುಳುಗಿ ಮೃತಪಟ್ಟಿದ್ದಲ್ಲಿ ಪೊಲೀಸರಿಗೆ ತಿಳಿಸಲಾಗಿದೆಯೇ ಎಂಬುದನ್ನೂ ತಿಳಿಸತಕ್ಕದ್ದು. ಇಪ್ಪತ್ತಕ್ಕಿಂತ ಕಡಿಮೆ ಸದಸ್ಯರಿರುವ ಸಂಘವು ನಿಯಮದಂತೆ ಅಸ್ತಿತ್ವದಲ್ಲಿ ಇಲ್ಲವೆಂದು ಭಾವಿಸಿ ಪಟ್ಟಿಯಿಂದ ತೆಗೆಯಲಾಗಿದೆ.'

ಇಲ್ಲದಿದ್ದಾಗ ಎರಡೂವರೆ ವರ್ಷ ಇದ್ದದ್ದು, ಈಗ ಇರುವಾಗ ಇಲ್ಲವಾಯಿತು. ಡೊಂಬಯ್ಯನಿಗೆ ಓದಿ ಹೇಳಿದೆ. ಅವನು ಯೋಚನೆ ಮಾಡಿ, "ಹಾಗಾದ್ರೆ ನಾಳೆ ಕೋಣಗಳನ್ನು ಎಲ್ಲಿಗೆ ಕೊಂಡೋಗುದು?" ಎಂದು ಕೇಳಿದ.

೨೦ ಮಾರ್ಚ್

ಸಮಜಾಯಿಷಿ ಕಳಿಸಿದೆ. 'ಮುಳುಗಿದವರು ಯಾರೂ ಇಲ್ಲ. ಮೂವತ್ತೈದು ಜನರನ್ನು ಬರೆದವನು ನಾನು.' ಇಷ್ಟೇ. ವರ್ಗವೋ, ವಜಾವೋ, ಏನು ಬೇಕಾದರೂ ಬರಬಹುದು. ಬಂದ ದಿನ ನೋಡುವ.

೨೯ ಮಾರ್ಚ್

ಉತ್ತರ ಬಂದಿಲ್ಲ. ನಿನ್ನೆ ಇಡೀ ದಿನ ಅದರ ನೆನಪೇ ಆಗಲಿಲ್ಲ.

ಬೆಳಿಗ್ಗೆ ನೀರಿನ ಮೇಲೆ ಮಂಜಿತ್ತು. ಆಚೆ ದಡದವರೆಗೆ ಪಂದ್ಯ ಹಾಕಿದೆವು. ಡೊಂಬಯ್ಯ ಮೊದಲು ಮುಟ್ಟಿದ. ತ್ರಿಶಲಾ ಎರಡನೆಯವಳು, ಸೀರೆ ಕಾಲಿಗೆ ಸುತ್ತಿಕೊಳ್ಳದಿದ್ದರೆ ಅವಳೇ ಮೊದಲಾಗುತ್ತಿದ್ದಳು. ಆಮೇಲೆ ಚನಿಯಪ್ಪ.

ನಾನು ನಾಲ್ಕನೆಯವನಾಗಿ ಬಂದೆ. ಈಜಿದವರು ನಾಲ್ಕೇ ಜನ.